ಪ್ರಮಾಣಿಸಿ ನೋಡುವ ಕಣ್ಣು

ಗುಣಹೊಂದಿದ ರೋಗಿಯು ವೈದ್ಯನನ್ನು ನೆನೆಯುತ್ತಾನೆ. ಶುಶ್ರೂಷೆ ಮಾಡಿದ ದಾದಿಯನ್ನು ನೆನೆಯುತ್ತಾನೆ. ಆದರೆ ತನ್ನ ರಕ್ತದ ಹನಿಯಲ್ಲಿ ಅಡಗಿದ್ದ ಶತ್ರುವನ್ನು ಗುರುತಿಸಿದವರು ಯಾರೆಂಬುದು ಅವನಿಗೆ ತಿಳಿದಿರುವುದಿಲ್ಲ. ಆಸ್ಪತ್ರೆಯ ಮೂಲೆಯ ಕೊಠಡಿಯೊಂದರಲ್ಲಿ ಸೂಕ್ಷ್ಮದರ್ಶಕದ ಮುಂದೆ ಬಾಗಿ ಕುಳಿತ ಪ್ರಯೋಗಾಲಯ ತಂತ್ರಜ್ಞರ ಹೆಸರು ರೋಗಿಯ ಕಿವಿಗೆ ಬೀಳುವುದು ಅಪೂರ್ವ. ಆದರೂ ಅವರು ಬರೆದುಕೊಡುವ ಚೀಟಿಯು ಸತ್ಯವಾದರೆ ಚಿಕಿತ್ಸೆಯು ಸರಿಯಾದ ದಾರಿ ಹಿಡಿಯುತ್ತದೆ; ತಪ್ಪಾದರೆ ನಿಪುಣನಾದ ವೈದ್ಯನೂ ದಾರಿ ತಪ್ಪುತ್ತಾನೆ.

ಈ ಮಾತಿನ ಅರ್ಥವನ್ನು ರಾಯಚೂರು ಜಿಲ್ಲೆಯಲ್ಲಿ ಚೆನ್ನಾಗಿ ಕಾಣಬಹುದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡು ಅದು. ಕಾಲುವೆಗಳ ನೀರು ಹರಿದು ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹೊಲಗಳು ಹಸಿರಾದವು. ಹರಿಯುವ ನೀರು ಬೆಳೆಯನ್ನು ತಂದರೆ, ನಿಂತ ನೀರು ಸೊಳ್ಳೆಯನ್ನು ತರುತ್ತದೆ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಬಯಲಾದುದು ಸೂಕ್ಷ್ಮದರ್ಶಕದ ಅಡಿಯಲ್ಲಿಯೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡರು. ರಾಯಚೂರು ಕೂಡ ಅಂದು ಅದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ರಾಸ್ ಅವರ ಹೆಸರು ಲೋಕಪ್ರಸಿದ್ಧವಾಯಿತು. ಅಂಥದೇ ತಾಳ್ಮೆಯಿಂದ ದಿನವೂ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಲೇಪಿಸಿ, ಬಣ್ಣ ಹಾಕಿ, ಹುಡುಕುತ್ತಿರುವವರ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ.

ಆನೆಕಾಲು ರೋಗದ ಹಾವಳಿಯನ್ನು ಕಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಈ ರೋಗದ ಮರಿಹುಳುಗಳು ಹಗಲಿನಲ್ಲಿ ಒಳ ಅಂಗಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿಯ ವೇಳೆಗೆ ಚರ್ಮದ ಸಮೀಪದ ರಕ್ತಕ್ಕೆ ಬರುತ್ತವೆ. ಆದುದರಿಂದ ಅವುಗಳನ್ನು ಹುಡುಕುವವರು ಊರು ಮಲಗುವ ಹೊತ್ತಿಗೆ ಮನೆಮನೆಯ ಬಾಗಿಲು ತಟ್ಟಿ ಬೆರಳಿನಿಂದ ರಕ್ತದ ಹನಿಗಳನ್ನು ಪಡೆಯಬೇಕಾಗುತ್ತದೆ. ರೋಗದ ಸಮಯವೇ ಇಲ್ಲಿ ಕೆಲಸದ ಸಮಯ.

ಶ್ರಮಕ್ಕಿಂತಲೂ ದೊಡ್ಡದು ಪ್ರಾಮಾಣಿಕತೆ. ಕ್ಷಯರೋಗದ ಪರೀಕ್ಷೆಯನ್ನೇ ನೋಡಬಹುದು. ಕಫದ ಲೇಪನಕ್ಕೆ ಬಣ್ಣ ಹಾಕಿ ನೋಡಿದಾಗ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ರೋಗಾಣುಗಳು ಕಾಣುತ್ತವೆ. ಅವು ವಿರಳವಾಗಿದ್ದರೆ ಒಂದೆರಡು ನೋಟಕ್ಕೆ ಸಿಕ್ಕುವುದಿಲ್ಲ. ಆದುದರಿಂದಲೇ ಗಾಜಿನ ಪಟ್ಟಿಯನ್ನು ಸರಿಸುತ್ತ ಕನಿಷ್ಠ 100 ದೃಷ್ಟಿಕ್ಷೇತ್ರಗಳನ್ನು ಪರಿಶೀಲಿಸಿದ ಮೇಲೆಯೇ ‘ಕಂಡುಬಂದಿಲ್ಲ’ ಎಂದು ಬರೆಯಬೇಕೆಂಬ ನಿಯಮವಿದೆ. ‘ಕಂಡುಬಂದಿಲ್ಲ’ ಎಂಬುದು ‘ರೋಗವಿಲ್ಲ’ ಎಂಬ ಮಾತಲ್ಲ. ‘ಹುಡುಕಿದೆ, ಕಾಣಲಿಲ್ಲ’ ಎಂಬ ಮಾತು. ಹತ್ತು ಕ್ಷೇತ್ರಗಳನ್ನು ನೋಡಿ ನೂರು ನೋಡಿದಂತೆ ಬರೆದರೆ ಹಿಡಿಯುವವರು ಯಾರು? ಆ ಕೊಠಡಿಯಲ್ಲಿ ಆತ್ಮಸಾಕ್ಷಿಯೊಂದೇ ಮೇಲಧಿಕಾರಿ. ಆ ಸುಳ್ಳಿನ ಬೆಲೆಯನ್ನು ತೆರುವವನು ಮಾತ್ರ ದೂರದ ಹಳ್ಳಿಯ ಕೂಲಿಕಾರ. ಅವನ ಕೆಮ್ಮಿನೊಂದಿಗೆ ರೋಗವು ಮನೆಯ ಮಕ್ಕಳಿಗೂ ಹಬ್ಬೀತು.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಕಹಿಸತ್ಯವನ್ನು ತೋರಿಸಿತು. ಕ್ಷಯಪೀಡಿತರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗಳಿಗೆ ಹೋಗಿದ್ದರು. ಆದರೆ ಕೆಮ್ಮಿನ ಔಷಧವನ್ನು ಪಡೆದು ಹಿಂದಿರುಗಿದ್ದರು. ಕೊರತೆಯಾಗಿದ್ದುದು ರೋಗಿಯ ಎಚ್ಚರವಲ್ಲ. ಕಫವನ್ನು ಪರೀಕ್ಷಿಸುವ ವ್ಯವಸ್ಥೆ.

ಪ್ರಯೋಗಾಲಯವು ಒಬ್ಬ ರೋಗಿಯನ್ನಲ್ಲದೆ ಊರನ್ನೇ ಕಾಯುತ್ತದೆ. 2022ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನ ಮಗುವೊಂದರ ರಕ್ತದ ಮಾದರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಜೀಕಾ ವೈರಾಣು ಪತ್ತೆಯಾಯಿತು. ಕರ್ನಾಟಕದಲ್ಲಿ ಅದು ಮೊದಲನೆಯ ಪ್ರಕರಣ. ಮಾದರಿಯನ್ನು ಶುದ್ಧವಾಗಿ ತೆಗೆದು, ಸರಿಯಾದ ಗುರುತು ಬರೆದು, ತಂಪು ಕೆಡದಂತೆ ಕಳುಹಿಸುವ ಕೈಗಳಿಲ್ಲದಿದ್ದರೆ ಪುಣೆಯ ಯಂತ್ರಗಳು ಏನು ಮಾಡಿಯಾವು? ಅದೇ ವರ್ಷದ ಮೇ-ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರನ್ನು ಕುಡಿದು ಅನೇಕರು ಅಸ್ವಸ್ಥರಾದರು. ಕೆಲವರು ಪ್ರಾಣ ಕಳೆದುಕೊಂಡರು. ಸಾವಿನ ಅನಂತರ ನೀರನ್ನು ಪರೀಕ್ಷಿಸುವುದು ತನಿಖೆ. ಸಾವಿಗೆ ಮುನ್ನ ಪರೀಕ್ಷಿಸಿ, ದೋಷ ಕಂಡೊಡನೆ ನಲ್ಲಿಯನ್ನು ನಿಲ್ಲಿಸುವುದು ಸಾರ್ವಜನಿಕ ಆರೋಗ್ಯ.

ಯಂತ್ರಗಳೇ ಎಲ್ಲವನ್ನೂ ಹೇಳುವ ಕಾಲ ಬಂದಿರುವಾಗ ತಂತ್ರಜ್ಞರು ಏಕೆ ಎಂದು ಕೆಲವರು ಕೇಳಬಹುದು. ಕ್ಷಯದ ಪರೀಕ್ಷೆಗೆ ಹೊಸ ಯಂತ್ರಗಳು ಬಂದಿರುವುದು ನಿಜ. ಅವು ಕೆಲಸವನ್ನು ಹಗುರಗೊಳಿಸಿರುವುದೂ ನಿಜ. ಆದರೆ ಒಬ್ಬರ ಮಾದರಿಗೆ ಇನ್ನೊಬ್ಬರ ಹೆಸರು ಬಿದ್ದರೆ ಯಂತ್ರವು ಆ ತಪ್ಪನ್ನೇ ನಿಖರವಾಗಿ ಮುದ್ರಿಸಿಕೊಡುತ್ತದೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಪಾಲಿಸಬಲ್ಲವನು ಮನುಷ್ಯನೇ.

ಆದರೆ ಪ್ರಾಮಾಣಿಕತೆಯನ್ನು ಬೇಡುವ ಸಮಾಜವು ಅದಕ್ಕೆ ಬೇಕಾದ ಅನುಕೂಲವನ್ನೂ ಒದಗಿಸಬೇಕು. ಈ ವೃತ್ತಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವರು ಹಲವರಿದ್ದಾರೆ. ನಾಲ್ವರ ಕೆಲಸವನ್ನು ಒಬ್ಬರ ಎರಡು ಕಣ್ಣುಗಳಿಗೆ ಹೊರಿಸಿದರೆ ನೂರು ಕ್ಷೇತ್ರಗಳ ನಿಯಮವು ಕಾಗದದಲ್ಲಿಯೇ ಉಳಿದೀತು. ದೇವದುರ್ಗದ ಕೂಲಿಕಾರನು ಒಂದು ಪರೀಕ್ಷೆಗಾಗಿ ರಾಯಚೂರಿಗೆ ಬರಬೇಕಾದರೆ ಅವನು ಕಳೆದುಕೊಳ್ಳುವುದು ಬಸ್ಸಿನ ದರವನ್ನು ಮಾತ್ರವಲ್ಲ, ಒಂದು ದಿನದ ಅನ್ನವನ್ನು. ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ಸುಸಜ್ಜಿತ ಪ್ರಯೋಗಾಲಯವೂ ಅದನ್ನು ನಡೆಸುವ ಕಾಯಂ ತಂತ್ರಜ್ಞರೂ ಇರಬೇಕಾದುದು ದಯೆಯಿಂದಲ್ಲ, ನ್ಯಾಯದಿಂದ.

ದೊಡ್ಡ ಕಟ್ಟಡಗಳಿಂದ ಆಸ್ಪತ್ರೆಯ ಗಾತ್ರ ತಿಳಿಯುತ್ತದೆ. ಅದರ ಯೋಗ್ಯತೆಯನ್ನು ತಿಳಿಯಬೇಕಾದರೆ, ಯಾರೂ ನೋಡದಿರುವಾಗ ತೊಂಬತ್ತೊಂಬತ್ತು ಕ್ಷೇತ್ರಗಳಲ್ಲಿ ಏನೂ ಕಾಣದೆ ನೂರನೆಯದನ್ನೂ ನೋಡುವ ಕಣ್ಣು ಅಲ್ಲಿ ಇದೆಯೇ ಎಂದು ಕೇಳಬೇಕು.