ಓಡುವ ಕಂಪ್ಯೂಟರಿನಿಂದ ಡ್ರೈವರ್ ಇಳಿಸೋದು

"ವೈಫೈ ಹೋಯ್ತಾ? ಆಫ್ ಮಾಡಿ ಆನ್ ಮಾಡಿ." ಸಾಫ್ಟ್‌ವೇರ್‌ನವರಿಗೆ ಗೊತ್ತಿರೋ ಮದ್ದು ಇದೊಂದೇ ಅಂತ ಮನೆಯವರು ನಗ್ತಾರೆ. ಆದರೆ ಲಿನಕ್ಸ್‌ನಲ್ಲಿ ಇಡೀ ಕಂಪ್ಯೂಟರ್ ಆರಿಸದೆ, ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನಷ್ಟೇ ಇಳಿಸಿ ಮತ್ತೆ ಏರಿಸಬಹುದು.

ಊರಲ್ಲಿ ಅಮ್ಮನ ಹಳೇ ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ವೈಫೈ ಕೈಕೊಡುತ್ತೆ. "ರೀಸ್ಟಾರ್ಟ್ ಮಾಡಮ್ಮ" ಅಂದರೆ, "ಸಂಘದ ಲೆಕ್ಕ ಅರ್ಧ ಬರೆದಿದ್ದೀನಿ, ಅದೆಲ್ಲಿಗೆ ಹೋಗ್ಬೇಕೋ?" ಅಂತಾಳೆ. ಅದಕ್ಕೇ ಇಳಿಸುವ, ಏರಿಸುವ ಎರಡು ಕಮಾಂಡ್‌ಗಳನ್ನು ಒಂದು ಐಕಾನ್ ಹಿಂದೆ ಸೇರಿಸಿಟ್ಟೆ. ಒತ್ತಿದರೆ ಆಯ್ತು.

ಒಳಗೆ ನಡೆಯೋದು ಅಷ್ಟು ಸುಲಭವಲ್ಲ. ಮಾಡ್ಯೂಲ್ ಆಗಿ ಬರುವ ಡ್ರೈವರ್ ಕರ್ನಲ್ ಎಂಬ ಮನೆಯ ಬಾಡಿಗೆದಾರನಿದ್ದ ಹಾಗೆ. ಖಾಲಿ ಮಾಡುವಾಗ ಪಡೆದ ಮೆಮೊರಿ ವಾಪಸ್ ಕೊಡಬೇಕು, ಇಂಟರಪ್ಟ್ ಬಿಡಬೇಕು, ಟೈಮರ್ ನಿಲ್ಲಿಸಬೇಕು. ಒಂದು ಟೈಮರ್ ಮರೆತರೂ, ಅದರ ಹೊತ್ತು ಬಂದಾಗ ಕರ್ನಲ್ ಅಲ್ಲಿಲ್ಲದ ಕೋಡ್ ಹುಡುಕಿಕೊಂಡು ಹೋಗುತ್ತೆ. ಇಡೀ ಸಿಸ್ಟಮ್ ಕುಸಿಯಬಹುದು. ಬಲವಂತವಾಗಿ ಇಳಿಸುವ ಆಯ್ಕೆಯೂ ಕರ್ನಲ್‌ನಲ್ಲಿದೆ. ಅದು ಮುಖ್ಯವಾಗಿ ಕರ್ನಲ್ ಬರೆಯುವವರಿಗೆ ಮತ್ತು ಹತಾಶರಾದವರಿಗೆ ಅಂತ ಅದರ ವಿವರಣೆಯಲ್ಲೇ ಇದೆ! ನಾನಂತೂ ಮುಟ್ಟಲ್ಲ.

ಮೌಂಟ್ ಆಗಿರುವ ಫೈಲ್ ಸಿಸ್ಟಮ್‌ನ ಮಾಡ್ಯೂಲ್ ತೆಗೆಯಹೋದರೆ, "ಬಳಕೆಯಲ್ಲಿದೆ" ಅಂತ ಕರ್ನಲ್ ಒಪ್ಪೋದಿಲ್ಲ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸಾಮಾನ್ಯವಾಗಿ ಹಾಗಲ್ಲ. ಡೇಟಾ ಹರಿಯುತ್ತಿದ್ದರೂ ಆರ್‌ಎಂಮಾಡ್ ಅಂದರೆ ಹೊರಟೇಬಿಡುತ್ತೆ. ಯುಎಸ್‌ಬಿ ಅಡಾಪ್ಟರನ್ನು ಯಾರು ಯಾವಾಗ ಕಿತ್ತರೂ ಕರ್ನಲ್ ತಡೆದುಕೊಳ್ಳಬೇಕಲ್ಲ, ಇದೂ ಹಾಗೇ. ಆದರೂ ಒಳಗಿನ ಯಾವುದೋ ಭಾಗ ಆ ಕಾರ್ಡಿನ ಹಿಡಿತ ಬಿಡದಿದ್ದರೆ ಕರ್ನಲ್ ಕಾಯುತ್ತೆ, "ಇನ್ನೂ ಬಿಡುಗಡೆಯಾಗಿಲ್ಲ" ಅಂತ ಲಾಗ್‌ನಲ್ಲಿ ಮತ್ತೆ ಮತ್ತೆ ಬರೆಯುತ್ತೆ.

ನಿರಾಕರಿಸದೇ ಇರೋದೇ ಆಫೀಸಲ್ಲಿ ಅಪಾಯ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ, ಬಂದ ದಾರಿಯ ಕಾರ್ಡಿನ ಡ್ರೈವರನ್ನೇ ಇಳಿಸಿದರೆ ಕೂತ ಕೊಂಬೆ ಕಡಿದ ಹಾಗೆ. ಮತ್ತೆ ಏರಿಸುವ ಕಮಾಂಡ್ ಅಲ್ಲಿಗೆ ತಲುಪೋದೇ ಇಲ್ಲ. ಹಾಗಾಗಿ ಎರಡನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಬರೆದು, ಸಂಪರ್ಕ ಕಡಿದರೂ ಓಡುತ್ತಲೇ ಇರುವಂತೆ ಬಿಡ್ತೀನಿ. ಅದಕ್ಕೂ ಮೊದಲು 10 ನಿಮಿಷ ಬಿಟ್ಟು ರೀಬೂಟ್ ಆಗಲಿ ಅಂತ ಹೇಳಿಟ್ಟಿರ್ತೀನಿ. ಸಂಪರ್ಕ ಮರಳಿ ಬಂತೋ, ರೀಬೂಟ್ ರದ್ದು. ಬರದಿದ್ದರೆ ಸರ್ವರ್ ತಾನಾಗಿ ಎದ್ದು ಬರುತ್ತೆ, ರಾತ್ರಿ 2 ಗಂಟೆಗೆ ಯಾರನ್ನೂ ಎಬ್ಬಿಸಬೇಕಿಲ್ಲ.