ಮೊದಲ ಬಹುಮಾನ ಸ್ವಲ್ಪ ಕಡಿಮಿ ಆಗ್ಲಿ, ಲೆಕ್ಕದ ಬುಕ್ ಇರ್ಲಿ

ಭಾಗ 1/6

ಈ ಫೋಟೋ ಫೈನಲ್ ರಾತ್ರಿದಲ್ಲ, ಮರುದಿನ ಮುಂಜಾನಿದು. ಅಂಕಣದ ಸುಣ್ಣದ ಗೆರಿ ಅರ್ಧ ಅಳಿಸಿ ಹೋಗ್ಯಾವ. ಫ್ಲೆಕ್ಸ್ ಒಂದು ಕಡೆ ಹರಿದೈತಿ. ಪೆಂಡಾಲಿನವರು ಕುರ್ಚಿ ಎಣಿಸಾಕತ್ತಾರ. ಫೈನಲ್ ರಾತ್ರಿ ಫೋಟೋ ನಿಮ್ಮೆಲ್ಲರ ಸ್ಟೋರಿಯೊಳಗ ನೋಡೇನಿ. ಈ ಮುಂಜಾನಿ ಫೋಟೋ ಯಾರೂ ಹಾಕಿಲ್ಲ, ಅದಕ್ಕ ನಾ ಹಾಕೇನಿ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಈ ಕಡೆ ಯಾವ ಊರಿಗೆ ಹೋಗ್ರಿ, ಜಾತ್ರಿ ಅಂದ್ರ ಒಂದು ಕಬಡ್ಡಿ ಟೂರ್ನಮೆಂಟ್ ಇದ್ದs ಇರ್ತೈತಿ. 2014ರಾಗ ಪ್ರೊ ಕಬಡ್ಡಿ ಶುರು ಆದಮ್ಯಾಲಂತೂ ನಮ್ಮೂರಿಗೂ ‘ಹೊನಲು ಬೆಳಕು’ ಬಂತು, ಕಾಮೆಂಟ್ರಿ ಬಂತು, ನಂಬರ್ ಇರೋ ಜೆರ್ಸಿ ಬಂತು. ನಮ್ಮ ಕ್ಲಾಸಿನವರಿಗಂತೂ ಹೇಳೂದು ಬ್ಯಾಡ. ಸೋಮವಾರ ಕೊನಿ ಬೆಂಚಿನಾಗ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದವ ಅಂದ್ರ, ಶನಿವಾರ ರಾತ್ರಿ ಎಲ್ಲೋ ಆಡಿ ಬಂದಾನ ಅಂತನ ಅರ್ಥ.

ಆಟದ ಬಗ್ಗೆ ನಾವು ತಾಸುಗಟ್ಟಲೆ ಮಾತಾಡ್ತೇವಿ. ಆಟ ನಡೆಸೂದರ ಬಗ್ಗೆ ಮಾತಾಡೂದಿಲ್ಲ. ರೊಕ್ಕ ಎಲ್ಲಿಂದ ಬರ್ತೈತಿ, ಎಲ್ಲಿಗೆ ಹೋಗ್ತೈತಿ, ಆಟಗಾರ ಬಿದ್ರ ಯಾರು ಎತ್ತತಾರ? ಆರು ಭಾಗದಾಗ ನನ್ನ ಅಭಿಪ್ರಾಯ ಹೇಳ್ತೇನಿ. ಒಪ್ಪಿದ್ರ ಶೇರ್ ಮಾಡ್ರಿ, ಒಪ್ಪದಿದ್ರ ಕ್ಯಾಂಟೀನಿನಾಗ ಸಿಗ್ರಿ, ಜಗಳಾಡೂಣು.

ಭಾಗ 2/6

ಎರಡು ವರ್ಷದ ಹಿಂದಿನ ಮಾತು. ಊರ ಹೆಸರು ಬ್ಯಾಡ, ಟೂರ್ನಮೆಂಟಿನ ಹೆಸರೂ ಬ್ಯಾಡ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತೀನಿ, ಕ್ವಾರ್ಟರ್ ಫೈನಲ್ ಆಡಾಕತ್ತಿದ್ದ. ರೇಡಿಗೆ ಹೋದ. ಒಬ್ಬ ಪಾದ ಹಿಡಿದ, ಇನ್ನೊಬ್ಬ ಸೊಂಟಕ್ಕ ಬಿದ್ದ. ಅಣ್ಣನ ಮೈ ಒಂದು ಕಡೆ ತಿರುಗಿತು, ಮೊಣಕಾಲು ತಿರುಗಲಿಲ್ಲ.

ಟಿವಿಯೊಳಗ ಆದ್ರ ಫಿಸಿಯೋ ಬ್ಯಾಗ್ ಹಿಡಕೊಂಡು ಓಡಿ ಬರ್ತಾನ. ಅಲ್ಲಿ ಏನಾತು ಅಂದ್ರ, ಸೋಡಾ ಅಂಗಡ್ಯಾಂವ ಐಸ್ ಕೊಟ್ಟ, ಯಾರೋ ಟವೆಲ್ ಕೊಟ್ರು, ಟಂಟಂನಾಗ ಮಲಗಿಸಿಕೊಂಡು ಹೋದ್ವಿ. ಕಮಿಟಿ ಹಿರಿಯರೊಬ್ಬರು ತಮ್ಮ ಕಿಸೆದಿಂದ ಎರಡು ಸಾವಿರ ಕೊಟ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ, ಅವರು ಮನುಷ್ಯತ್ವ ತೋರಿಸಿದ್ರು. ಆದ್ರ ಅದು ಅವರ ಕಿಸೆ ರೊಕ್ಕ. ಟೂರ್ನಮೆಂಟಿನ ರೊಕ್ಕದಾಗ ಇಂಥಾದ್ದಕ್ಕ ಅಂತ ಒಂದು ರೂಪಾಯಿನೂ ಇರ್ಲಿಲ್ಲ.

ಸ್ಕ್ಯಾನಿಂಗ್‌ದಾಗ ಲಿಗಮೆಂಟ್ ಹರಿದೈತಿ ಅಂತ ಬಂತು. ಆಪರೇಷನ್ ಖರ್ಚು ಕೇಳಿ ದೊಡ್ಡಪ್ಪ ಎರಡು ದಿನ ಯಾರ ಜೋಡಿನೂ ಮಾತಾಡ್ಲಿಲ್ಲ. ದೊಡ್ಡವ್ವ ಇಳಕಲ್ಲ ಸೀರಿ ನೇಯ್ತಾಳ. ಸೀರಿ ತಗೊಳ್ಳೂ ಮಾಲಕರ ಕಡೆ ಮುಂಗಡ ಇಸಗೊಂಡ್ಳು. ಆ ಮುಂಗಡ ತೀರಿಸೂತನಕ ಮಗ್ಗದ ಸಪ್ಪಳ ರಾತ್ರಿ ಹನ್ನೊಂದರತನಕ ಕೇಳ್ತಿತ್ತು.

ನನಗ ಸಿಟ್ಟು ಬಂದದ್ದು ಮರು ವರ್ಷ. ಅದೇ ಟೂರ್ನಮೆಂಟಿನ ಪಾಂಪ್ಲೆಟ್ ವಾಟ್ಸಾಪ್‌ದಾಗ ಬಂತು. ಹಿಂದಿನ ವರ್ಷ 25,001 ಇದ್ದ ಮೊದಲ ಬಹುಮಾನ 31,001 ಆಗಿತ್ತು. ಆರು ಸಾವಿರ ಹೆಚ್ಚಾಗಿತ್ತು. ಒಂದು ಸ್ಟ್ರೆಚರ್ ಬಂದಿರ್ಲಿಲ್ಲ.

ಭಾಗ 3/6

ಬಿಕಾಂ ದೋಸ್ತರs, ಈ ಭಾಗ ನಿಮಗs ಅಂತ ಬರದೇನಿ. ಉಳಿದವರೂ ಓದ್ರಿ, ಕಷ್ಟ ಇಲ್ಲ.

ಪಿಯುಸಿ ಸೆಕೆಂಡ್ ಇಯರ್ ಅಕೌಂಟೆನ್ಸಿಯೊಳಗ ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳ ಲೆಕ್ಕ ಅಂತ ಒಂದು ಪಾಠ ಇತ್ತಲ್ಲ, ನೆನಪೈತಿ? ಅದರಾಗ ‘ಸ್ಪೋರ್ಟ್ಸ್ ಕ್ಲಬ್’ ಲೆಕ್ಕ ಎಷ್ಟು ಬಿಡಿಸೇವಿ! ಹಳೆ ಕ್ರೀಡಾ ಸಾಮಾನು ಮಾರಿದ್ದು, ಬರಬೇಕಾದ ಚಂದಾ, ಎಲ್ಲಾ ಬಿಡಿಸಿದ್ವಿ. ಮಾರ್ಕ್ಸ್ ತಗೊಂಡ್ವಿ. ನಮ್ಮೂರ ಟೂರ್ನಮೆಂಟಿಗೆ ಬಂದಾಗ ಲೆಕ್ಕ ಅಂದ್ರ ಸಿಗರೇಟ್ ಪ್ಯಾಕಿನ ಹಿಂದ ಬರದ ನಾಲ್ಕು ನಂಬರು.

ಸುಮ್ನ ಒಂದು ಲೆಕ್ಕ ಹಾಕೂಣು. ಇದು ಯಾವ ಊರಿಂದೂ ಅಲ್ಲ, ಉದಾಹರಣೆ.

32 ಟೀಮ್, ಪ್ರವೇಶ ಶುಲ್ಕ 700. ಅಂದ್ರ 22,400. ದಾನಿಗಳಿಂದ 60,000. ಒಟ್ಟು ಜಮಾ 82,400.
ಬಹುಮಾನ ನಾಲ್ಕು: 25,001, 15,001, 10,001, 5,001. ಒಟ್ಟು 55,004. ಲೈಟು, ಪೆಂಡಾಲು, ಮೈಕು 14,000. ರೆಫ್ರಿಗಳಿಗೆ 6,000. ಊಟಕ್ಕ 5,000. ಒಟ್ಟು ಖರ್ಚು 80,004.
ಉಳಿದದ್ದು 2,396. ಅದು ಮರುದಿನ ಮುಂಜಾನಿ ಚಹಾ, ಇಡ್ಲಿಗೆ.

ಇದರಾಗ ಔಷಧ ಡಬ್ಬಿಗೆ ಎಷ್ಟೈತಿ? ಸೊನ್ನಿ. ಮುಂದಿನ ವರ್ಷಕ್ಕ? ಸೊನ್ನಿ.

ಈಗ ಎರಡು ಬದಲಾವಣೆ ಮಾಡ್ರಿ. ಮೊದಲ ಬಹುಮಾನ 20,001 ಮಾಡ್ರಿ, ಎರಡನೇದು 12,001. ಎಂಟು ಸಾವಿರ ಉಳೀತು. ಟೀಮಿಗೆ 50 ರೂಪಾಯಿ ಹೆಚ್ಚು ತಗೊಳ್ರಿ, 1,600 ಬಂತು. ಒಟ್ಟು 9,600. ಗೆದ್ದ ಟೀಮಿನ 12 ಮಂದಿ ಹಂಚಿಕೊಂಡ್ರ ಒಬ್ಬೊಬ್ಬರಿಗೆ ಕಡಿಮಿ ಆಗೂದು ಸುಮಾರು 417 ರೂಪಾಯಿ. ದೇವರ ದಯದಿಂದ ನಾಲ್ಕು ವರ್ಷ ಯಾರಿಗೂ ಪೆಟ್ಟಾಗಲಿಲ್ಲ ಅಂದ್ರ ನಿಧಿಯೊಳಗ 38,400 ಇರ್ತೈತಿ. ಆಪರೇಷನ್ ಪೂರ್ತಿ ಆಗೂದಿಲ್ಲ, ಒಪ್ತೇನಿ. ಆದ್ರ ದೊಡ್ಡವ್ವನಂಥಾಕಿ ಮೊದಲನೇ ದಿನಾನ ಮುಂಗಡಕ್ಕ ಓಡೂದು ತಪ್ಪತೈತಿ.

ಇನ್ನೊಂದು ಮಾತು. ಆ ಪಾಠದಾಗ ‘ಟೂರ್ನಮೆಂಟ್ ಫಂಡ್’ ಯಾವ ಕಡೆ ಬರೀತಿದ್ವಿ? ಲಯಾಬಿಲಿಟಿ ಕಡೆ. ಕೈಯಾಗ ರೊಕ್ಕ ಐತಿ, ಆದ್ರೂ ಹೊಣೆ ಅಂತ ಯಾಕ ಬರೀಬೇಕು ಅಂತ ಆಗ ನನಗ ತಿಳಿದಿರ್ಲಿಲ್ಲ. ಈಗ ತಿಳೀತು. ಜನ ಒಂದು ಕೆಲಸಕ್ಕ ಅಂತ ನಂಬಿ ಕೊಟ್ಟ ರೊಕ್ಕ ನಮ್ಮದಲ್ಲ, ನಾವು ಅವರಿಗೆ ಕೊಡಬೇಕಾದ ಬಾಕಿ. ಕಮಿಟಿ ಅಂದ್ರ ಆ ಬಾಕಿ ಹೊತ್ತವರು.

ಭಾಗ 4/6

ಹಿಂದಿನ ಭಾಗಕ್ಕ ಮೆಸೇಜ್ ಬಂದಾವ. ಮೂರು ಮಾತು ತಿರುಗಿ ತಿರುಗಿ ಬಂದಾವ, ಉತ್ತರ ಕೊಡ್ತೇನಿ.

ಒಂದು: “ಬಹುಮಾನ ಕಡಿಮಿ ಮಾಡಿದ್ರ ದೊಡ್ಡ ಟೀಮ್ ಬರೂದಿಲ್ಲ.” ಸ್ವಲ್ಪ ಖರೆ. ಬಾಡಿಗಿ ಆಟಗಾರರನ್ನ ಕಟ್ಟಿಕೊಂಡು ಬರೂ ಟೀಮ್ ಒಂದೆರಡು ಕಡಿಮಿ ಆಗಬಹುದು. ಆದ್ರ ಆಡೋರನ್ನ ಕೇಳ್ರಿ, ಬ್ಯಾಸರ ಆಗೂದು ಯಾತಕ್ಕ? ರಾತ್ರಿ ಎಂಟಕ್ಕ ಅಂತ ಹೇಳಿ ಎರಡಕ್ಕ ಮ್ಯಾಚ್ ಹಚ್ಚಿದ್ದಕ್ಕ, ಊರ ಟೀಮಿಗೆ ಒಂದು ನ್ಯಾಯ ಹೊರಗಿನವರಿಗೆ ಒಂದು ನ್ಯಾಯ ಮಾಡಿದ್ದಕ್ಕ, ಕಲ್ಲು ಆರಿಸದ ನೆಲದ ಮ್ಯಾಲ ಆಡಿಸಿದ್ದಕ್ಕ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗದಾಗ ಹಸನ ಮಣ್ಣು, ಕಟ್ಟಿಗಿ ಹೊಟ್ಟು ಹಾಕಿ ನೀರು ಹೊಡದು ಹದ ಮಾಡೂದು ನಾವು ಹುಡುಗರು ಎರಡು ದಿನ ಕೂಡಿ ಮಾಡೂ ಕೆಲಸ. ಅದಕ್ಕ ರೊಕ್ಕ ಬ್ಯಾಡ, ರಟ್ಟಿ ಬೇಕು.

ಎರಡು: “ದಾನಿಗಳು ಬಹುಮಾನಕ್ಕ ಕೊಡ್ತಾರ, ಬ್ಯಾಂಡೇಜಿಗೆ ಯಾರು ಕೊಡ್ತಾರ?” ಯಾಕ ಕೊಡೂದಿಲ್ಲ? ಫ್ಲೆಕ್ಸಿನ ಮ್ಯಾಲ ‘ಪ್ರಥಮ ಬಹುಮಾನ’ ಅಂತ ಫೋಟೋ ಹಾಕಿದಂಗ ‘ಆಟಗಾರರ ಆರೋಗ್ಯ ನಿಧಿ’ ಅಂತ ಅಷ್ಟs ದೊಡ್ಡ ಫೋಟೋ ಹಾಕ್ರಿ. ಜಾತ್ರ್ಯಾಗ ದಾಸೋಹಕ್ಕ ಚೀಲಗಟ್ಟಲೆ ಜ್ವಾಳ, ಅಕ್ಕಿ ಕೊಡೂ ಜನ ನಮ್ಮವರು. ಅವರನ್ನ ಯಾರೂ ಕೇಳಿಲ್ಲ, ಅಷ್ಟs.

ಮೂರು: “ಲೆಕ್ಕ ಕೇಳಿದ್ರ ಹಿರಿಯರು ಸಂಶಯ ಪಟ್ಟಾರ ಅಂತ ತಿಳೀತಾರ.” ಇದು ಎಲ್ಲಾಕ್ಕಿಂತ ಕಷ್ಟದ್ದು. ನನ್ನ ಅನುಭವ ಹೇಳ್ತೇನಿ: ‘ಲೆಕ್ಕ ತೋರಸ್ರಿ’ ಅನಬ್ಯಾಡ್ರಿ. ‘ಕಾಕಾ, ಲೆಕ್ಕ ನಾ ಬರ್ಕೊಡ್ಲೇನ್ರಿ?’ ಅನ್ರಿ. ಭಾಳ ಮಂದಿ ಹಿರಿಯರು ಕೈ ಬಿಟ್ಟು ರೊಕ್ಕ ಹಾಕಿರ್ತಾರ, ಬರದಿಲ್ಲ ಅನ್ನೂದಕ್ಕ ಆಮ್ಯಾಲ ಊರ ಬಾಯಿಗೆ ಬೀಳ್ತಾರ. ಲೆಕ್ಕದ ಬುಕ್ಕು ಮೊದಲು ಕಾಯೂದು ಪ್ರಾಮಾಣಿಕರನ್ನ.

ಇನ್ನೂ ಗಟ್ಟಿ ಮಾಡಬೇಕಂದ್ರ ಸಂಘ ನೋಂದಣಿ ಮಾಡಸ್ರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಕಬಡ್ಡಿ ಅಂಕಣದಾಗೂ ಒಂದು ಕಡೆ ಏಳs ಮಂದಿ. ನೋಂದಣಿ ಆದ್ರ ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆಗೀಬಹುದು. ರೊಕ್ಕ ಯಾರೊಬ್ಬರ ಮನಿ ಟ್ರೆಜರಿಯೊಳಗ ಇರೂದಿಲ್ಲ.

ಒಂದು ಎಚ್ಚರಿಕೆ. ವರ್ಷಕ್ಕ 20 ರೂಪಾಯಿ ಕಟ್ಟಿದ್ರ ಎರಡು ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಐತಲ್ಲ ಅಂತ ಒಬ್ಬಾತ ಕೇಳ್ಯಾನ. 18 ವರ್ಷ ಆದವರೆಲ್ಲಾ ಮಾಡಸ್ರಿ, ಒಳ್ಳೇದು. ಆದ್ರ ಅದು ಅಪಘಾತದಾಗ ಜೀವ ಹೋದ್ರ, ಇಲ್ಲಾ ಶಾಶ್ವತ ಅಂಗವೈಕಲ್ಯ ಆದ್ರ ಮಾತ್ರ. ಲಿಗಮೆಂಟ್ ಆಪರೇಷನ್ ಖರ್ಚಿಗೆ ಅದು ಬರೂದಿಲ್ಲ. ಅದಕ್ಕs ನಮ್ಮ ನಿಧಿ ನಮಗ ಬೇಕು.

ಭಾಗ 5/6

ಸ್ವಲ್ಪ ದೂರ ಹೋಗಿ ಬರೂಣು. ಆಸ್ಟ್ರೇಲಿಯಾದಾಗ ಅವರದs ಒಂದು ಫುಟ್ಬಾಲ್ ಐತಿ, ಆಸ್ಟ್ರೇಲಿಯನ್ ರೂಲ್ಸ್ ಅಂತಾರ. ಮೊಟ್ಟಿ ಆಕಾರದ ಚೆಂಡು, ಒಂದು ಕಡೆ 18 ಮಂದಿ, ಕ್ರಿಕೆಟ್ ಗ್ರೌಂಡಿನಂಥ ದುಂಡನ ಮೈದಾನ. ಟಿವಿಯೊಳಗ ಬರೂ ಎಎಫ್ಎಲ್ ನಮ್ಮ ಪ್ರೊ ಕಬಡ್ಡಿ ಇದ್ದಂಗ. ಆದ್ರ ಆ ಆಟದ ಬೇರು ಇರೂದು ವಿಕ್ಟೋರಿಯಾದಂಥ ರಾಜ್ಯಗಳ ಸಣ್ಣ ಸಣ್ಣ ಊರಾಗ. ನಮ್ಮ ಹುನಗುಂದದಂಗ ಸುತ್ತಲೂ ಹೊಲ, ನಡುವ ಒಂದು ಊರು, ಊರಿಗೊಂದು ಕ್ಲಬ್.

ಆ ಕ್ಲಬ್ಬಿಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರ್ತಾರ. ವರ್ಷಕ್ಕೊಮ್ಮೆ ಸಭಾ ಕರದು ಸದಸ್ಯರ ಮುಂದ ಲೆಕ್ಕ ಇಡ್ತಾರ. ಗೇಟಿನಾಗ ಟಿಕೆಟ್ ಹರಿಯೋರು, ಕ್ಯಾಂಟೀನ್ ನಡೆಸೋರು, ಗೋಲ್ ಆದಾಗ ಬಾವುಟ ಬೀಸೋರು, ಭಾಳ ಮಂದಿ ಪಗಾರ ಇಲ್ದ ಊರವರs. ಅವರಿಗೂ ಕಷ್ಟ ಐತಿ. ಹರೇದವರು ಪಟ್ಟಣ ಸೇರ್ತಾರ, ದುಡಿಯೋ ಕೈ ಕಡಿಮಿ ಆಗ್ತಾವ, ಎರಡು ಊರಿನ ಕ್ಲಬ್ ಕೂಡಿ ಒಂದಾಗೂದೂ ಐತಿ. ನಮ್ಮೂರ ಹುಡುಗರು ಬೆಂಗಳೂರಿಗೆ, ಮಂಗಳೂರಿಗೆ ಹೋಗಿ ಟೀಮಿಗೆ ಏಳು ಮಂದಿ ಕೂಡಿಸೂದು ಕಷ್ಟ ಆಗೂದಿಲ್ಲೇನು? ಅದs ಕಥಿ.

ಅವರ ಒಂದು ಪದ್ಧತಿ ನನಗ ಭಾಳ ಸೇರ್ತು. ಆ ಊರುಗಳ ಎಷ್ಟೋ ಕ್ಲಬ್ಬಿನ ಹೆಸರs ‘ಫುಟ್ಬಾಲ್ ನೆಟ್‌ಬಾಲ್ ಕ್ಲಬ್’. ಶನಿವಾರ ಒಂದು ಕಡೆ ಫುಟ್ಬಾಲ್, ಬಾಜೂಕ ಹೆಣ್ಣುಮಕ್ಕಳ ನೆಟ್‌ಬಾಲ್. ಅಣ್ಣನೂ ಆಡ್ತಾನ, ತಂಗಿನೂ ಆಡ್ತಾಳ, ಅಪ್ಪ ಅವ್ವ ಇಬ್ಬರನ್ನೂ ನೋಡಾಕ ಬರ್ತಾರ. 2017ರಿಂದ ಫುಟ್ಬಾಲಿನಾಗೂ ಹೆಣ್ಣುಮಕ್ಕಳ ರಾಷ್ಟ್ರೀಯ ಲೀಗ್ ಶುರು ಆಗೈತಿ.

ನಮ್ಮಲ್ಲಿ? ಏಷ್ಯನ್ ಗೇಮ್ಸಿನಾಗ ಮಹಿಳಾ ಕಬಡ್ಡಿ ಸೇರಿದ್ದು 2010ರಾಗ, ಗ್ವಾಂಗ್‌ಝೌದಾಗ. ಮೊದಲ ಸಲಕ್ಕs ಭಾರತಕ್ಕ ಚಿನ್ನ ಬಂತು. ಆ ಟೀಮಿನಾಗ ನಮ್ಮ ಕರ್ನಾಟಕದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ರು. ಇಬ್ಬರಿಗೂ ಆಮ್ಯಾಲ ಅರ್ಜುನ ಪ್ರಶಸ್ತಿ ಬಂತು. ನಮ್ಮ ತಂಗಿ ಹೈಸ್ಕೂಲಿನಾಗ ತಾಲೂಕು ಮಟ್ಟಕ್ಕ ಆಡಿದಾಕಿ. ಪಿಯುಸಿಗೆ ಬಂದಮ್ಯಾಲ ಆಡಾಕ ಒಂದು ಅಂಕಣ ಸಿಕ್ಕಿಲ್ಲ. ಜಾತ್ರಿ ಟೂರ್ನಮೆಂಟಿನಾಗ ಹೆಣ್ಣುಮಕ್ಕಳಿಗೆ ಸಿಕ್ರ ಒಂದು ‘ಪ್ರದರ್ಶನ ಪಂದ್ಯ’, ಅದೂ ಅತಿಥಿಗಳು ಭಾಷಣ ಮುಗಿಸೂತನಕ ಟೈಮ್ ತುಂಬಸಾಕ. ಲೈಟು ಅದs, ಅಂಕಣ ಅದs, ರೆಫ್ರಿ ಅವರs. ಸಂಜಿ ಐದರಿಂದ ಏಳರತನಕ ನಾಲ್ಕು ಹೆಣ್ಣುಮಕ್ಕಳ ಟೀಮ್ ಆಡಿಸಿದ್ರ ಹೆಚ್ಚಿನ ಖರ್ಚು ಎಷ್ಟು? ಬಿಕಾಂದವರು ಹೇಳ್ರಿ.

ಭಾಗ 6/6

ಕೊನಿ ಭಾಗ. ಇಷ್ಟ ಓದಿದ್ದಕ್ಕ ಥ್ಯಾಂಕ್ಸ್. ಓದಿ ಸುಮ್ನ ಆಗಬ್ಯಾಡ್ರಿ, ನಿಮ್ಮೂರ ಜಾತ್ರಿ ಬರೂದರೊಳಗ ಮೂರು ಕೆಲಸ ಮಾಡ್ರಿ.

ನೂರು ಪುಟದ ಒಂದು ನೋಟ್‌ಬುಕ್ ತಗೊಳ್ರಿ. ಎಡಕ್ಕ ಬಂದದ್ದು, ಬಲಕ್ಕ ಹೋದದ್ದು. ಟೂರ್ನಮೆಂಟ್ ಮುಗದು ಒಂದು ವಾರದೊಳಗ ಅದರ ಪ್ರತಿ ಗುಡಿ ಕಟ್ಟಿ ಗ್ವಾಡಿಗೆ ಹಚ್ಚ್ರಿ, ಊರ ಗ್ರೂಪಿಗೂ ಹಾಕ್ರಿ.

ಐಸ್ ಡಬ್ಬಿ, ಕ್ರೇಪ್ ಬ್ಯಾಂಡೇಜ್, ಸ್ಪ್ಲಿಂಟ್, ಒಂದು ಸ್ಟ್ರೆಚರ್ ಇಡ್ರಿ. ಒಂದು ಗಾಡಿ ಡ್ರೈವರ್ ಸಮೇತ ಮ್ಯಾಚ್ ಮುಗಿಯೂತನಕ ನಿಂತಿರ್ಲಿ. 108ಕ್ಕ ಫೋನ್ ಮಾಡೂದು ಯಾರ ಕೆಲಸ ಅಂತ ಮೊದಲs ಒಬ್ಬರ ಹೆಸರು ಬರೀರಿ. ಎಲ್ಲಾರೂ ಮಾಡ್ತಾರ ಅಂದ್ರ ಯಾರೂ ಮಾಡೂದಿಲ್ಲ.

ಮೂರನೇದು, ಕಮಿಟಿಯೊಳಗ ಕುಂಡ್ರಿ. ಗ್ಯಾಲರಿಯೊಳಗ ನಿಂತು ಕಮಿಟಿಗೆ ಬೈಯೂದು ಸಸ್ತಾ. ನಾನೂ ಎರಡು ವರ್ಷ ಅದನ್ನs ಮಾಡೇನಿ.

ಈ ವರ್ಷ ನಮ್ಮೂರ ಕಮಿಟಿ ಕಾಕಾನ ಮುಂದ ಹೋಗಿ ನಿಂತೆ. ಎಲ್ಲಾ ಹೇಳಿದೆ. ಅವರು ಎಲಿ ಅಡಿಕಿ ಹಾಕ್ಕೊಂಡು ಪೂರ್ತಿ ಕೇಳಿದ್ರು. ಬಹುಮಾನ ಕಡಿಮಿ ಮಾಡೂದಕ್ಕ ಒಪ್ಪಲಿಲ್ಲ, ‘ಪಾಂಪ್ಲೆಟ್ ಆಗ್ಲೇ ಹಂಚೇವಿ’ ಅಂದ್ರು. ಆದ್ರ ಟೀಮಿಗೆ 50 ರೂಪಾಯಿ ನಿಧಿಗೆ ತಗೊಳ್ಳಾಕ ಒಪ್ಪಿದ್ರು. “ಬುಕ್ ನೀನs ಬರಿ. ಬರೇ ಬುಕ್ ಬರದು ಮನಿಗೆ ಹೋಗೂಹಂಗಿಲ್ಲ, ಮರುದಿನ ಕುರ್ಚಿನೂ ಎತ್ತಬೇಕು” ಅಂದ್ರು. ಒಪ್ಪಿದೆ.

ಮೊದಲ ಭಾಗದ ಫೋಟೋ ತಿರುಗಿ ನೋಡ್ರಿ. ಕುರ್ಚಿ ಎಣಿಸೋರ ಹಿಂದ, ಎಡಗಡೆ ಮೇಜಿನ ಮುಂದ ಒಬ್ಬ ಕುಂತಾನ, ಕಾಲು ನೀಟಾಗಿ ಚಾಚಿಕೊಂಡು. ಅವನs ನಮ್ಮಣ್ಣ. ಈಗ ಆಡೂದಿಲ್ಲ. ಮೂರು ರಾತ್ರಿ ಸ್ಕೋರ್ ಶೀಟ್ ಬರದವ ಅವನs, ಒಂದು ಪಾಯಿಂಟೂ ತಪ್ಪಿಲ್ಲ. ಅವನ ಮುಂದಿರೂ ಕೆಂಪು ರಟ್ಟಿನ ಬುಕ್ ನಂದು. ಕೊನಿ ಪುಟದಾಗ ಒಂದು ಸಾಲು ಐತಿ: ಆಟಗಾರರ ಆರೋಗ್ಯ ನಿಧಿ, 1,150 ರೂಪಾಯಿ. 23 ಟೀಮ್ ಬಂದಿದ್ವು.

ಭಾಳ ಸಣ್ಣ ಮೊತ್ತ, ಗೊತ್ತು. ಆದ್ರ ಅದನ್ನ ಲಯಾಬಿಲಿಟಿ ಕಡೆ ಬರದೇನಿ. ಅಂದ್ರ ಮುಂದಿನ ವರ್ಷ ಈ ಟೂರ್ನಮೆಂಟ್ ನಡೆಸಾಕs ಬೇಕು, ಬಾಕಿ ಐತಿ.

ನಿಮ್ಮೂರಾಗ ಲೆಕ್ಕ ಯಾರು ಬರೀತಾರ? ಕಮೆಂಟಿನಾಗ ಊರ ಹೆಸರು ಹಾಕ್ರಿ. ಬುಕ್ ಹೆಂಗ ಬರೀಬೇಕು ಅಂತ ಗೊತ್ತಿಲ್ಲಾಂದ್ರ ಮೆಸೇಜ್ ಮಾಡ್ರಿ, ಭಾನುವಾರ ಬಸ್ ಹತ್ತಿ ಬರ್ತೇನಿ. ಚಹಾ ಕುಡಿಸಿದ್ರ ಸಾಕು.

#ಕಬಡ್ಡಿ #ಬಾಗಲಕೋಟೆ #ಬಾದಾಮಿ #ಹುನಗುಂದ #ಇಳಕಲ್ಲ #ಲೆಕ್ಕದಬುಕ್