ನೀರಿಗೆ ಹೋಗುವವಳಿಗೆ ಯಾವ ಗಾಡಿ?

ನೆಲಬಾಂಬು ಸಿಡಿದರೂ ಒಳಗಿದ್ದವರನ್ನು ಕಾಯುವ ಮಿಲಿಟರಿ ಗಾಡಿಗಳನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೈನಿಕ ಬದುಕಬಾರದೆಂದಲ್ಲ, ಅವನೂ ಒಬ್ಬ ತಾಯಿಯ ಮಗನೇ. ಆದರೆ ಆ ಗಾಡಿ ನಡೆದುಬಂದ ದಾರಿಯನ್ನೂ ನೋಡಬೇಡವೇ?

ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರ 1980ರ ಸುಮಾರಿಗೆ 'ಕ್ಯಾಸ್ಪಿರ್' ಎಂಬ ಗಾಡಿಯನ್ನು ಬಳಕೆಗೆ ತಂದಿತು. ಅದರ ತಳ ದೋಣಿಯಂತೆ ಚೂಪು. ಸ್ಫೋಟದ ರಭಸ ಎರಡೂ ಮಗ್ಗುಲಿಗೆ ಚದುರಿಹೋಗುತ್ತದೆ. ಜಾಣತನವೇ ಸರಿ. ನಮೀಬಿಯದಲ್ಲಿ ಗೆರಿಲ್ಲಾಗಳು ಹೂತ ಬಾಂಬುಗಳಿಗೆಂದು ಬಂದ ಅದೇ ಗಾಡಿ, ಆ ದಶಕದಲ್ಲೇ ಕಪ್ಪು ಜನರ ಕೇರಿಗಳಿಗೂ ನುಗ್ಗಿತು. ಅಲ್ಲಿ ಕಲ್ಲು ಹಿಡಿದ ಹುಡುಗರ ಮುಂದೆ ಅದಕ್ಕೇನು ಕೆಲಸ? ಅಮೆರಿಕವೂ 2007ರಿಂದ ಇರಾಕಿಗೆ ಇಂಥ ಸಾವಿರಾರು ಗಾಡಿ ಕಳಿಸಿತು. ಆಮೇಲೆ ಮಿಕ್ಕವುಗಳಲ್ಲಿ ಹಲವನ್ನು ತನ್ನ ಊರುಗಳ ಪೊಲೀಸರಿಗೇ ಹಂಚಿತು.

ಸರಿ, ಗಾಡಿಯೊಳಗಿದ್ದವರು ಬದುಕಿದರು. ಅಂಗೋಲದಲ್ಲಿ, ಕಾಂಬೋಡಿಯದಲ್ಲಿ ನೀರಿಗೆ, ಸೌದೆಗೆ ನಡೆದೇ ಹೋಗುವ ಹೆಂಗಸಿಗೆ ಯಾವ ಗಾಡಿ? ಯುದ್ಧ ಮುಗಿದರೂ ಬಾಂಬು ಮಣ್ಣೊಳಗೆ ವರ್ಷಗಟ್ಟಲೆ ಕಾದಿರುತ್ತದೆ. ಬೂಟು ಯಾವುದು, ಬರಿಗಾಲು ಯಾವುದು, ಅದಕ್ಕೆ ತಿಳಿಯದು.

ಕಾಲಿಟ್ಟವರನ್ನು ಕೊಲ್ಲುವ ನೆಲಬಾಂಬುಗಳನ್ನು ನಿಷೇಧಿಸುವ ಒಪ್ಪಂದ 1997ರಲ್ಲಿ ಒಟ್ಟಾವದಲ್ಲಾಯಿತು. ಅದಕ್ಕಾಗಿ ದುಡಿದ ಸಂಘಟನೆಗೂ, ಜೋಡಿ ವಿಲಿಯಮ್ಸ್ ಎಂಬ ಮಹಿಳೆಗೂ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಮೆರಿಕ, ರಷ್ಯ, ಚೀನ, ನಮ್ಮ ಭಾರತ – ಯಾರೂ ಸಹಿ ಹಾಕಿಲ್ಲ. ಗಾಡಿಗೆ ದುಡ್ಡಿದೆ, ಸಹಿಗೆ ಮಸಿಯಿಲ್ಲ!

ಅಂಗಳದಲ್ಲಿ ಗಾಜು ಒಡೆದು ಬಿದ್ದರೆ ಗಂಡಸರಿಗೆ ಬೂಟು ಕೊಡಿಸಿ ನಾವು ಸುಮ್ಮನಿರುತ್ತೇವೆಯೇ? ಮೊದಲು ಪೊರಕೆ ಹಿಡಿಯುತ್ತೇವೆ. ಇಷ್ಟು ವಿವೇಕ ದೊಡ್ಡ ದೊಡ್ಡ ಸರ್ಕಾರಗಳಿಗೆ ಯಾಕೆ ಬಾರದು?